ಕಪ್ಪೆಯ ಲೆಕ್ಕ ಯಾವ ಖಾತೆಗೆ?

(ಧಾರವಾಡ ಜಿಲ್ಲೆಯ ರೈತರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹರೂಪ)



ಹತ್ತಿಯ ಧಾರಣೆ, ಸೊಸೈಟಿಯ ಸಾಲ, ಬೆಳೆವಿಮೆ ಇಂಥ ಮಾತುಗಳು ನಡೆದ ಜಾಗದಲ್ಲಿ ನಿಂತು ನಾನು ಕಪ್ಪೆಯ ಬಗ್ಗೆ ಮಾತಾಡ್ತೇನೆ ಅಂದ್ರ ನಿಮಗೆ ನಗು ಬರೋದು ಸಹಜ. ನಗ್ರಿ, ಅಡ್ಡಿಯಿಲ್ಲ. ಆದರೆ ನಕ್ಕಾದ ಮೇಲೆ ನಿಮ್ಮ ನಿಮ್ಮ ಖರ್ಚಿನ ಪಟ್ಟಿ ಒಮ್ಮೆ ತೆಗೆದು ನೋಡ್ರಿ. ಬೀಜ, ಗೊಬ್ಬರ, ಗಳೆ, ಆಳು, ಎಣ್ಣಿ. ಎಣ್ಣಿ ಅಂದ್ರ ಒಗ್ಗರಣೆಯ ಎಣ್ಣೆಯಲ್ಲ, ಹೊಲಕ್ಕೆ ಹೊಡೆಯುವ ಎಣ್ಣಿ. ಇದನ್ನು ನಗದು ಕೊಟ್ಟು ತರುವವರು ಎಷ್ಟು ಮಂದಿ? ಬಹಳ ಮಂದಿ ಉದ್ರಿ ತರುತ್ತೀರಿ. ಅಂಗಡಿಯವನು ವಹಿಯಲ್ಲಿ ಬರೆದುಕೊಳ್ಳುತ್ತಾನೆ, ಸುಗ್ಗಿಯಲ್ಲಿ ಮಾಲು ಮಾರಿದ ಕೂಡಲೇ ಮೊದಲು ಅವನ ಬಾಕಿ ಹರಿಯಬೇಕು. ಯಾವ ಹುಳಕ್ಕೆ ಯಾವ ಡಬ್ಬಿ ಎಂದು ಹೇಳುವವನೂ ಅವನೇ, ಸಾಲ ಕೊಡುವವನೂ ಅವನೇ.

ಇದೇ ಹುಳ ತಿನ್ನುವ ಒಂದು ಪ್ರಾಣಿ ನಿಮ್ಮ ಹೊಲದ ಬದುವಿನಲ್ಲಿ ಇತ್ತು, ಈಗಲೂ ಸ್ವಲ್ಪ ಇದೆ. ಅದು ಪಗಾರ ಕೇಳುವುದಿಲ್ಲ, ಉದ್ರಿ ಬರೆಯುವುದಿಲ್ಲ. ಆದ್ದರಿಂದಲೇ ಅದರ ಹೆಸರು ಯಾರ ಲೆಕ್ಕದ ಪುಸ್ತಕದಲ್ಲೂ ಇಲ್ಲ. ಸರಕಾರ ಬೇಸಾಯದ ಉತ್ಪಾದನಾ ವೆಚ್ಚ ತೆಗೆಯುವಾಗ ಕೂಡ ಅದಕ್ಕೆ ಕಾಲಂ ಇಲ್ಲ.

ಈ ಕಪ್ಪೆಯ ಬಗ್ಗೆ ಜಗತ್ತಿನ ವಿಜ್ಞಾನಿಗಳು ಓದುವ ಸಂಶೋಧನೆ ನಡೆದದ್ದು ಎಲ್ಲಿ ಅಂತೀರಿ? ಅಮೇರಿಕದಲ್ಲಿ ನಡೆದದ್ದು ಇರಲಿ, ನಮ್ಮ ಧಾರವಾಡದಲ್ಲೇ ನಡೆದಿದೆ. ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಹುಟ್ಟಿತು. ಅದರ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಪ್ರೊ. ಎಸ್. ಕೆ. ಸೈದಾಪುರ, ಪ್ರೊ. ಭಾಗ್ಯಶ್ರೀ ಶಾನಭಾಗ ಮತ್ತು ಅವರ ಶಿಷ್ಯರು ದಶಕಗಳ ಕಾಲ ಕಪ್ಪೆ, ಓತಿಕ್ಯಾತಗಳನ್ನು ಹಿಡಿದು ಕೂತರು. ಹೌದು, ನಿಮ್ಮ ಹುಡುಗರು ಬೇಲಿಯ ಮೇಲೆ ಕಂಡರೆ ಕಲ್ಲು ಒಗೆಯುವ ಅದೇ ಓತಿಕ್ಯಾತ. ನೆಲ ಹದವಾಗಿಲ್ಲ, ಜಾಗ ಸರಿಯಿಲ್ಲ ಎಂದರೆ ಹೆಣ್ಣು ಓತಿಕ್ಯಾತ ತತ್ತಿಗಳನ್ನು ಹೊಟ್ಟೆಯಲ್ಲೇ ತಿಂಗಳುಗಟ್ಟಲೆ ತಡೆದು ಇಟ್ಟುಕೊಳ್ಳಬಲ್ಲದು ಎಂಬುದನ್ನು ಅಲ್ಲಿ ನೋಡಿದ್ದಾರೆ. ಹದ ನೋಡಿ ಬಿತ್ತುವ ಬುದ್ಧಿ ನಮಗಷ್ಟೇ ಇದೆ ಎಂದು ತಿಳಿಯಬಾರದು. ಅದು ಇರಲಿ, ನಾನು ಕಪ್ಪೆಗೆ ಬರುತ್ತೇನೆ.

ಮೊದಲ ದೊಡ್ಡ ಮಳೆ ಆದ ರಾತ್ರಿ ಹೊಂಡದಲ್ಲಿ ಒಟಗುಟ್ಟುವ ದೊಡ್ಡ ಕಪ್ಪೆ ನಿಮಗೆಲ್ಲ ಗೊತ್ತು. ಗಂಡು ಅರಿಷಿಣ ಬಳಿದಂತೆ ಹಳದಿಯಾಗಿರುತ್ತದೆ, ಗಂಟಲಿನ ಎರಡೂ ಬದಿಗೆ ನೀಲಿ ಚೀಲ ಉಬ್ಬುತ್ತವೆ. ಹಳೆಯ ಪುಸ್ತಕಗಳಲ್ಲಿ ಇದರ ಹೆಸರು ರಾನಾ ಟೈಗ್ರಿನಾ, ಈಗ ಹೋಪ್ಲೊಬ್ಯಾಟ್ರಾಕಸ್ ಟೈಗರಿನಸ್ ಎನ್ನುತ್ತಾರೆ. ಕಾಲೇಜಿನಲ್ಲಿ ಸಾಯನ್ಸ್ ಓದಿದ ಹಳಬರು ಇದನ್ನೇ ಮೇಣದ ತಟ್ಟೆಯ ಮೇಲೆ ಅಂಗಾತ ಮಲಗಿಸಿ ಕೊಯ್ದಿರುತ್ತಾರೆ. (ಆ ಕೊಯ್ಯುವ ಪಾಠವನ್ನು ಯುಜಿಸಿ 2014ರಲ್ಲಿ ನಿಲ್ಲಿಸಿತು, ಒಳ್ಳೆಯದೇ ಆಯಿತು.) ಕೊಯ್ದವರಿಗೆ ನೆನಪಿರಬೇಕು, ಒಳಗೆ ಬೆರಳಿನ ಆಕಾರದ ಹಳದಿ ಕೊಬ್ಬಿನ ಚೀಲಗಳು ಇರುತ್ತವೆ. ಇವು ಯಾತಕ್ಕೆ? ಧಾರವಾಡದವರು ತಿಂಗಳು ತಿಂಗಳಿನ ಲೆಕ್ಕದಲ್ಲಿ ಕಪ್ಪೆಯ ಅಂಡಾಶಯ, ಕೊಬ್ಬು ಎರಡನ್ನೂ ನೋಡಿ ಇವುಗಳ ಸಂಬಂಧ ಅಭ್ಯಾಸ ಮಾಡಿದರು. ಮಳೆಗಾಲದಲ್ಲಿ ಮತ್ತು ಅದರ ಹಿಂದೆ ತಿಂದದ್ದು ಕೊಬ್ಬಾಗಿ ಜಮೆಯಾಗುತ್ತದೆ. ಬೇಸಿಗೆಯಲ್ಲಿ ಕಪ್ಪೆ ನೆಲದೊಳಗೆ, ಬಿರುಕಿನೊಳಗೆ ಸುಮ್ಮನೆ ಬಿದ್ದುಕೊಂಡಾಗ ಆ ಜಮೆಯ ಬಲದ ಮೇಲೆ ಮುಂದಿನ ವರ್ಷದ ತತ್ತಿಗಳು ಬಲಿಯುತ್ತವೆ. ನಮ್ಮ ಹಿರಿಯರು ಹಗೇವಿನಲ್ಲಿ ಜೋಳ ತುಂಬಿ ಇಡುತ್ತಿದ್ದರಲ್ಲ, ಅದೇ ಪದ್ಧತಿ.

ಇಲ್ಲೊಂದು ಮಾತು ಗಮನಿಸಬೇಕು. ಈ ದೊಡ್ಡ ಕಪ್ಪೆ ವರ್ಷಕ್ಕೆ ಒಂದೇ ಬೆಳೆ ತೆಗೆಯುವ ಒಣಬೇಸಾಯದವನಂತೆ. ಮುಂಗಾರು ಬಿದ್ದಾಗ, ಜೂನ್ ಜುಲೈದಲ್ಲಿ, ಒಂದು ಹೆಣ್ಣು ಸಾವಿರಾರು ತತ್ತಿ ಇಡುತ್ತದೆ. ಅದು ತಪ್ಪಿತೆಂದರೆ ಆ ವರ್ಷ ಮುಗಿಯಿತು. ನೀರಿನ ಮೇಲೆ ಚಿಮ್ಮಿ ಚಿಮ್ಮಿ ಹೋಗುವ ಸಣ್ಣ ಕಪ್ಪೆಯ ಸಂಗತಿ ಬೇರೆ, ಅದು ನೀರು ಇರುವಷ್ಟು ದಿನ ಹೆಚ್ಚುಕಡಿಮೆ ವರ್ಷವಿಡೀ ಸಂತಾನ ಮಾಡಬಲ್ಲದು. ಅದು ನೀರಾವರಿ ಕಪ್ಪೆ ಅನ್ರಿ.

ಮುಂದೆ ಅವರು ಗೊದಮೊಟ್ಟೆಗಳನ್ನು, ಅಂದರೆ ಬಾಲವಿರುವ ಕಪ್ಪೆಮರಿಗಳನ್ನು ಪರೀಕ್ಷಿಸಿದರು. ಗಾಜಿನ ತೊಟ್ಟಿಯ ಒಂದು ತುದಿಗೆ ಜಾಳಿಗೆಯ ಹಿಂದೆ ಒಂದೇ ತಾಯಿಯ ತತ್ತಿಯಿಂದ ಬಂದ ಮರಿಗಳನ್ನು ಬಿಡುವುದು, ಇನ್ನೊಂದು ತುದಿಗೆ ಅದೇ ಜಾತಿಯ, ಆದರೆ ಬೇರೆ ತಾಯಿಯ ಮರಿಗಳನ್ನು ಬಿಡುವುದು. ನಡುವೆ ಒಂದೇ ಒಂದು ಮರಿ. ಅದು ಯಾವ ಕಡೆ ಎಷ್ಟು ಹೊತ್ತು ಕಳೆಯುತ್ತದೆ ಎಂದು ಗಡಿಯಾರ ಹಿಡಿದು ಕೂಡುವುದು. ಕೆಲವು ಜಾತಿಗಳಲ್ಲಿ ಮರಿ ತನ್ನ ಒಡಹುಟ್ಟಿದವರ ಕಡೆಗೇ ಹೆಚ್ಚು ಹೊತ್ತು ಇರುತ್ತದೆ. ಕಣ್ಣಿನಿಂದ ಗುರುತಿಸುವುದಲ್ಲ, ನೀರಿನಲ್ಲಿ ಬರುವ ವಾಸನೆಯಿಂದ. ಅದೇ ರೀತಿ ತನ್ನನ್ನು ತಿನ್ನುವ ವೈರಿ ಹತ್ತಿರ ಬಂತೆಂಬುದನ್ನೂ ಅವು ನೀರಿನ ವಾಸನೆಯಿಂದ ತಿಳಿದು ಅಲುಗಾಡದೆ ನಿಲ್ಲುತ್ತವೆ. ಮೇಲೆ ಹೇಳಿದ ಹಳದಿ ಕಪ್ಪೆಯ ಮರಿ ಮಾಂಸಾಹಾರಿ. ಬೇರೆ ಕಪ್ಪೆಗಳ ಮರಿ, ಸೊಳ್ಳೆಯ ಮರಿ ಯಾವುದನ್ನೂ ಬಿಡುವುದಿಲ್ಲ.

ನಿಮ್ಮಲ್ಲಿ ಕೆಲವರು ಮನಸ್ಸಿನಲ್ಲಿ ಅಂದುಕೊಳ್ಳುತ್ತಿದ್ದೀರಿ: ಸಾಹೇಬ್ರ, ಕಪ್ಪೆಮರಿ ತನ್ನ ಅಣ್ಣತಮ್ಮಂದಿರನ್ನು ಗುರುತಿಸಿದರೆ ನಮಗೇನು ಬಂತು? ಅಣ್ಣತಮ್ಮಂದಿರು ಬದುವಿನ ಸಲುವಾಗಿ ಕೋರ್ಟಿಗೆ ಅಡ್ಡಾಡೋ ಕಾಲದಾಗ! ಪ್ರಶ್ನೆ ತಪ್ಪಲ್ಲ. ಉತ್ತರ ಏನೆಂದರೆ, ಆ ಮರಿಗೆ ನೀರೇ ಕಣ್ಣು, ನೀರೇ ಮೂಗು. ಪಂಪು ತೊಳೆದ ನೀರನ್ನು ಹಳ್ಳಕ್ಕೆ ಚೆಲ್ಲಿದಿರಿ ಎಂದುಕೊಳ್ಳಿ. ಮರಿ ಸಾಯಲೇಬೇಕೆಂದಿಲ್ಲ. ಕೊಲ್ಲದಷ್ಟು ತೆಳುವಾದ ವಿಷವೂ ಗೊದಮೊಟ್ಟೆಯ ಈಜನ್ನು ಮಂದ ಮಾಡುತ್ತದೆ, ಬೆಳವಣಿಗೆಯನ್ನು ತಡಮಾಡುತ್ತದೆ ಎಂದು ಅನೇಕ ದೇಶಗಳ ಪ್ರಯೋಗಗಳು ತೋರಿಸಿವೆ. ಮಂದವಾದದ್ದು ವೈರಿಯ ಬಾಯಿಗೆ ಹೋಗುತ್ತದೆ, ತಡವಾದದ್ದು ಹೊಂಡ ಬತ್ತುವುದರೊಳಗೆ ಕಾಲು ಮೂಡಿಸಿಕೊಂಡು ಹೊರಗೆ ಬರುವುದಿಲ್ಲ.

ಈಗ ಧಾರಣೆಯ ಮಾತು. ಕಪ್ಪೆಗೂ ಒಂದು ಕಾಲದಲ್ಲಿ ಪೇಟೆ ಇತ್ತು. ಫ್ರಾನ್ಸ್, ಅಮೇರಿಕ ಮೊದಲಾದ ಕಡೆ ಕಪ್ಪೆಯ ಹಿಂಗಾಲು ತಿನ್ನುತ್ತಾರೆ. ನಮ್ಮ ದೇಶದಿಂದ 1950ರ ದಶಕದಲ್ಲಿ ಈ ಕಾಲುಗಳ ರಫ್ತು ಶುರುವಾಯಿತು. 1981ರಲ್ಲಿ ನಾಲ್ಕು ಸಾವಿರ ಟನ್ನಿಗೂ ಮೇಲೆ ಹೋಯಿತು. ಅದೂ ಬರೀ ಕಾಲು, ಉಳಿದ ಮೈ ಚೆಲ್ಲುವ ಕಸ. ಜೋಡಿ ಕಾಲಿಗೆ ಐವತ್ತು ಗ್ರಾಂ ಹಿಡಿದು ಲೆಕ್ಕ ಹಾಕ್ರಿ: ಟನ್ನಿಗೆ ಇಪ್ಪತ್ತು ಸಾವಿರ ಕಪ್ಪೆ, ನಾಲ್ಕು ಸಾವಿರ ಟನ್ನಿಗೆ ಎಂಟು ಕೋಟಿ. ಒಂದೇ ವರ್ಷದಲ್ಲಿ! ಹಿಡಿಯುವ ಹಂಗಾಮು ಯಾವುದು? ಮೊದಲ ಮಳೆಯ ರಾತ್ರಿಗಳು. ಕಪ್ಪೆಗಳು ತತ್ತಿಯಿಡಲು ಹೊಂಡದ ಸುತ್ತ ತಾವಾಗಿಯೇ ಸೇರಿರುತ್ತವೆ, ದೀಪ ಹಿಡಿದರೆ ಕಣ್ಣು ಕುಕ್ಕಿ ಕೂತಲ್ಲೇ ಕೂಡುತ್ತವೆ, ಚೀಲ ತುಂಬುವುದು ಸುಲಭ. ಅಂದರೆ ಬಿತ್ತನೆಗೆಂದು ತೆಗೆದಿಟ್ಟ ಬೀಜದ ಚೀಲವನ್ನೇ ಬಿತ್ತುವ ಹಿಂದಿನ ರಾತ್ರಿ ಮಾರಿದಂತೆ.

ಇದರಲ್ಲಿ ಹಿಡಿದವನಿಗೆ ಪುಡಿಗಾಸು, ಕಳಿಸಿದವನಿಗೆ ಲಾಭ, ಸರಕಾರಕ್ಕೆ ವಿದೇಶಿ ವಿನಿಮಯ. ಕಪ್ಪೆ ಹೋದ ಹೊಲಕ್ಕೆ ಎಣ್ಣಿ ಕೊಂಡವನು ರೈತ. ಇಂಥ ಲೆಕ್ಕ ನಿಮಗೆ ಹೊಸದಲ್ಲ, ಹತ್ತಿಯಲ್ಲೂ ಉಳ್ಳಾಗಡ್ಡಿಯಲ್ಲೂ ಇದನ್ನೇ ನೋಡಿದ್ದೀರಿ. ಮುಂಬಯಿಯ ಪಕ್ಷಿಶಾಸ್ತ್ರಜ್ಞ ಹುಮಾಯೂನ್ ಅಬ್ದುಲಾಲಿ ಮೊದಲಾದವರು ಈ ರಫ್ತಿನ ವಿರುದ್ಧ ಬರೆದರು, ಬಡಿದಾಡಿದರು. 1985ರಲ್ಲಿ ಈ ಕಪ್ಪೆ ಅಂತರರಾಷ್ಟ್ರೀಯ ವ್ಯಾಪಾರದ ನಿಯಂತ್ರಣದ ಪಟ್ಟಿಗೆ ಸೇರಿತು. 1987ರಲ್ಲಿ ಭಾರತ ಸರಕಾರ ರಫ್ತನ್ನೇ ನಿಷೇಧಿಸಿತು. ರಫ್ತು ನಿಂತಿತು, ತಿನ್ನುವ ಚಟ ಪೂರ್ತಿ ನಿಲ್ಲಲಿಲ್ಲ. ನಮ್ಮ ಪಕ್ಕದ ಗೋವಾದಲ್ಲಿ ಮಳೆಗಾಲ ಬಂತೆಂದರೆ ‘ಜಂಪಿಂಗ್ ಚಿಕನ್’ ಎಂಬ ಹೆಸರಿನಲ್ಲಿ ಕದ್ದು ಮಾರುವವರು ಈಗಲೂ ಇದ್ದಾರೆ, ಅಲ್ಲಿನ ಅರಣ್ಯ ಇಲಾಖೆ ಕಾವಲು ಕಾಯುತ್ತದೆ. ಮಳೆಗಾಲದ ರಾತ್ರಿ ನಿಮ್ಮ ಊರಿನ ಹೊಂಡದ ದಂಡೆಯಲ್ಲಿ ಗುರುತಿಲ್ಲದವರು ಬ್ಯಾಟರಿ, ಚೀಲ ಹಿಡಿದು ಅಡ್ಡಾಡಿದರೆ ಯಾಕೆ ಬಂದೀರಿ ಎಂದು ಕೇಳ್ರಿ. ಈ ಕಪ್ಪೆಯನ್ನು ಹಿಡಿಯುವುದು, ಕೊಲ್ಲುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ.

ಜನರ ಮನೋಭಾವದ ಬಗ್ಗೆಯೂ ಸಂಶೋಧನೆ ಆಗಿದೆ. ಅಮೇರಿಕದ ಯೇಲ್ ವಿಶ್ವವಿದ್ಯಾಲಯದ ಸ್ಟೀಫನ್ ಕೆಲ್ಲರ್ಟ್ ಎಂಬವರು 1970ರ ದಶಕದ ಕೊನೆಗೆ ತಮ್ಮ ದೇಶದ ಮೂರು ಸಾವಿರಕ್ಕೂ ಹೆಚ್ಚು ಮಂದಿಯನ್ನು, ನಿಮಗೆ ಯಾವ ಪ್ರಾಣಿ ಸೇರುತ್ತದೆ, ಯಾವುದು ಸೇರುವುದಿಲ್ಲ, ಯಾಕೆ ಎಂದು ಕೇಳಿದರು. ನಾಯಿ, ಕುದುರೆ, ಹಂಸ ಮೇಲೆ ಬಂದವು. ಜಿರಲೆ, ಸೊಳ್ಳೆ, ಇಲಿ, ಹಾವು, ಬಾವಲಿ ಕೆಳಗೆ ಹೋದವು. ಚಂದ ಇದ್ದದ್ದು, ದೊಡ್ಡದಾಗಿದ್ದದ್ದು, ನಮ್ಮ ಮುಖಕ್ಕೆ ಹೋಲುವಂಥದ್ದು ಜನಕ್ಕೆ ಬೇಕು. ಇನ್ನೊಂದು ಸಂಗತಿಯೂ ಅವರಿಗೆ ಕಂಡಿತು. ಪ್ರಾಣಿಯಿಂದ ಏನು ಉಪಯೋಗ ಎಂದು ಮೊದಲು ಕೇಳುವವರಲ್ಲಿ ರೈತರು ಮುಂದು. ಇದನ್ನು ಓದಿ ಪೇಟೆಯ ಕೆಲವರು ಮೂಗು ಮುರಿಯುತ್ತಾರೆ, ರೈತನಿಗೆ ನಿಸರ್ಗಪ್ರೀತಿ ಇಲ್ಲ ಎನ್ನುತ್ತಾರೆ. ನನಗೆ ಹಾಗೆ ಅನಿಸುವುದಿಲ್ಲ. ಉಪಯೋಗ ನೋಡುವುದು ತಪ್ಪಲ್ಲ, ಆದರೆ ನೋಡುವುದಾದರೆ ಪೂರ್ತಿ ನೋಡಬೇಕು. ಅರ್ಧ ವಹಿ ಓದಿ ಬಾಕಿ ಇಲ್ಲ ಅಂದ್ರ ಯಾವ ಬ್ಯಾಂಕಿನವನು ಒಪ್ಪುತ್ತಾನೆ?

ನಮ್ಮ ಊರಿನದೇ ಉದಾಹರಣೆ ಕೊಡುತ್ತೇನೆ. 2021ರ ಸೆಪ್ಟೆಂಬರದಲ್ಲಿ ಹುಬ್ಬಳ್ಳಿಯ ನೃಪತುಂಗ ಬೆಟ್ಟದ ಹತ್ತಿರ ಚಿರತೆ ಕಂಡಿತು. ಸುತ್ತಲಿನ ಶಾಲೆಗಳಿಗೆ ಸೂಟಿ ಕೊಟ್ಟರು, ಬೋನು ಇಟ್ಟರು, ಎಲ್ಲಿ ನೋಡಿದರೂ ಅದೇ ಸುದ್ದಿ. ಅದೇ ತಿಂಗಳು ಧಾರವಾಡದ ಹತ್ತಿರ ಕವಲಗೇರಿಯಲ್ಲಿ ಒಂದು ಚಿರತೆ ಬೋನಿಗೆ ಬಿತ್ತು. ಹೆದರುವಂಥದ್ದೇ, ಅದರಲ್ಲಿ ಎರಡು ಮಾತಿಲ್ಲ. ಅದೇ ಮಳೆಗಾಲದಲ್ಲಿ ರಸ್ತೆ ದಾಟುವಾಗ ಗಾಲಿಗೆ ಸಿಕ್ಕು ಚಪ್ಪಟೆಯಾದ ಕಪ್ಪೆಗಳ ಸುದ್ದಿ ಯಾರು ಬರೆದರು? ರಾಣೆಬೆನ್ನೂರಿನ ಕೃಷ್ಣಮೃಗಕ್ಕೆ 1974ರಲ್ಲಿ ಅಭಯಾರಣ್ಯ ಆಯಿತು. ಅದರ ಪಕ್ಕದ ಹೊಲದವರ ಗೋಳು ಬೇರೆ ಇದೆ. ಜಿಂಕೆ, ಹಂದಿ ತಿಂದ ಬೆಳೆಯ ಪರಿಹಾರದ ಜಗಳ ದೊಡ್ಡದು, ಅದಕ್ಕೆ ಇನ್ನೊಂದು ದಿನ ಬೇಕು. ಕಪ್ಪೆ ಬೆಳೆ ತಿನ್ನುವುದಿಲ್ಲ, ಮನುಷ್ಯರನ್ನು ಹೆದರಿಸುವುದಿಲ್ಲ. ಆದ್ದರಿಂದ ಅದರ ಮೇಲೆ ಸಿಟ್ಟೂ ಇಲ್ಲ, ಪ್ರೀತಿಯೂ ಇಲ್ಲ.

ಇಲ್ಲ, ಪ್ರೀತಿ ಬರುವ ದಿನ ಒಂದಿದೆ. ಮಳೆ ಹೋಯಿತೆಂದರೆ ಗುರ್ಜಿ ಆಡುತ್ತೇವೆ, ಕತ್ತೆಯ ಮದುವೆ, ಕಪ್ಪೆಯ ಮದುವೆ ಮಾಡುತ್ತೇವೆ. 2019ರ ಜೂನ್‌ದಲ್ಲಿ ಉಡುಪಿಯಲ್ಲಿ ಎರಡು ಕಪ್ಪೆಗಳಿಗೆ ವರುಣ, ವರ್ಷಾ ಎಂದು ಹೆಸರಿಟ್ಟು ಮದುವೆ ಮಾಡಿದರು. ಅದೇ ವರ್ಷ ಭೋಪಾಲದಲ್ಲಿ ಇನ್ನೂ ಮುಂದೆ ಹೋದರು. ಮಳೆಗಾಗಿ ಜುಲೈದಲ್ಲಿ ಮದುವೆ ಮಾಡಿದ ಕಪ್ಪೆಗಳಿಗೆ, ಮಳೆ ಅತಿಯಾಯಿತೆಂದು ಸೆಪ್ಟೆಂಬರದಲ್ಲಿ ಸೋಡಚೀಟಿ ಕೊಟ್ಟರು! ಕಪ್ಪೆ ಕೂಗಿದರೆ ಮಳೆ ಬರುವುದಿಲ್ಲ, ಮಳೆ ಬಂದದ್ದಕ್ಕೆ ಅದು ಕೂಗುತ್ತದೆ. ಅದೇನೇ ಇರಲಿ, ಈ ಪದ್ಧತಿಗಳನ್ನು ನಾನು ಹಾಸ್ಯ ಮಾಡಲು ಬಂದಿಲ್ಲ. ನಮ್ಮ ಹಿರಿಯರು ನೀರಿಗೂ ಕಪ್ಪೆಗೂ ನಂಟು ಇದೆ ಎಂದು ಕಂಡಿದ್ದರು ಎಂಬುದಕ್ಕೆ ಅದು ಸಾಕ್ಷಿ. ಆದರೆ ನೆಲಗಪ್ಪೆ ಮುಟ್ಟಿದರೆ ನರೂಲಿ ಏಳುತ್ತವೆ ಎಂಬ ಮಾತನ್ನು ಬಿಡ್ರಿ, ಅದು ಸುಳ್ಳು. ಅದರ ಚರ್ಮದ ಗ್ರಂಥಿಯಲ್ಲಿ ವಿಷ ಇರುವುದು ನಿಜ. ಅದು ತನ್ನನ್ನು ತಿನ್ನಲು ಬಂದ ನಾಯಿ, ಹಾವುಗಳ ಬಾಯಿಗೆ. ಮುಟ್ಟಿದರೆ ಕೈ ತೊಳೆದುಕೊಂಡರೆ ಸಾಕು.

ಹಾಗಾದರೆ ಕಪ್ಪೆ ಏನು ತಿನ್ನುತ್ತದೆ, ಎಷ್ಟು ಉಪಕಾರ? ಇಲ್ಲಿ ಉತ್ಪ್ರೇಕ್ಷೆ ಮಾಡಿ ನಿಮ್ಮನ್ನು ಮೆಚ್ಚಿಸುವುದು ನನಗೆ ಬೇಡ. ಕಪ್ಪೆ ಅಲುಗಾಡುವ, ಬಾಯಿಗೆ ಹಿಡಿಸುವ ಎಲ್ಲವನ್ನೂ ತಿನ್ನುತ್ತದೆ. ಮಿಡತೆ, ದುಂಬಿ, ಹುಳ, ಪತಂಗ, ಏಡಿ, ದೊಡ್ಡದಿದ್ದರೆ ಇಲಿಮರಿಯನ್ನೂ ನುಂಗುತ್ತದೆ. ಎರೆಹುಳವನ್ನೂ, ನಮಗೆ ಬೇಕಾದ ಕೆಲವು ಕೀಟಗಳನ್ನೂ ಬಿಡುವುದಿಲ್ಲ. ಹತ್ತಿಯ ಕಾಯಿಯೊಳಗೆ ಕೂತ ಗುಲಾಬಿ ಹುಳವನ್ನು ಅದು ತೆಗೆಯಲಾರದು, ಎಲೆಯ ಹಿಂದಿನ ಹೇನು, ನುಸಿ ಅದಕ್ಕೆ ಲೆಕ್ಕಕ್ಕಿಲ್ಲ. ಆದರೆ ನೆಲದ ಮೇಲೆ ಇಳಿಯುವ ಹುಳದ ಮಾತು ಬೇರೆ. ಹಸಿರು ಕಾಯಿಕೊರಕ ಹುಳ ಬಲಿತ ಮೇಲೆ ಕೋಶವಾಗಲು ಮಣ್ಣಿಗೆ ಇಳಿಯುತ್ತದೆ. 2018ರಲ್ಲಿ ನಮ್ಮ ರಾಜ್ಯದಲ್ಲಿ ಮೊದಲು ಕಂಡ, ಗೋವಿನಜೋಳದ ಸುಳಿ ತಿನ್ನುವ ಹೊಸ ಸೈನಿಕ ಹುಳವೂ ಹಾಗೆಯೇ. ಸಸಿಯ ಬುಡ ಕತ್ತರಿಸುವ ಹುಳ ರಾತ್ರಿ ನೆಲದ ಮೇಲೆ ಅಡ್ಡಾಡುತ್ತದೆ. ಆ ಹೊತ್ತಿಗೆ ನೀವು ಮಲಗಿರುತ್ತೀರಿ, ಕಪ್ಪೆ ಎಚ್ಚರ ಇರುತ್ತದೆ. ನೆಲಗಪ್ಪೆಗೆ ಗೆದ್ದಲು, ಇರುವೆ, ದುಂಬಿ ಎಂದರೆ ಹಬ್ಬದೂಟ. ಕಪ್ಪೆ ಒಂದರಿಂದಲೇ ಎಣ್ಣಿಯ ಖರ್ಚು ಪೂರ್ತಿ ನಿಲ್ಲುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿರಿ. ಹುಳದ ಸಂಖ್ಯೆ ಏರದಂತೆ ಹಿಡಿದಿಡುವ ಅನೇಕ ಕೈಗಳಲ್ಲಿ ಅದೂ ಒಂದು. ಆ ಕೈಗಳನ್ನು ಒಂದೊಂದಾಗಿ ಕಡಿದ ಮೇಲೆ ಉಳಿಯುವುದು ಡಬ್ಬಿಯೊಂದೇ.

ಕಡಿದದ್ದು ಹೇಗೆ ಎಂಬುದಕ್ಕೆ ನಮ್ಮ ಹತ್ತಿಯ ಕಥೆ ಸಾಕು. ಎರೆಹೊಲದಲ್ಲಿ ಜಯಧರ ಬೆಳೆಯುತ್ತಿದ್ದ ಕಾಲದಲ್ಲಿ ಎಣ್ಣಿಯ ಖರ್ಚು ಎಷ್ಟಿತ್ತು, ಹಿರಿಯರನ್ನು ಕೇಳ್ರಿ. 1972ರಲ್ಲಿ ಧಾರವಾಡದ ಸಂಶೋಧನೆಯಿಂದಲೇ ವರಲಕ್ಷ್ಮಿ ಬಂತು, 1981ರಲ್ಲಿ ಡಿಸಿಎಚ್-32 ಬಂತು. ಇಳುವರಿ ಬಂತು, ಎಳೆ ಉದ್ದವಾಯಿತು, ಕೆಲವರ ಮನೆ ಮಾಳಿಗೆ ಏರಿತು, ಅದನ್ನು ಅಲ್ಲಗಳೆಯುವುದಿಲ್ಲ. ಜೊತೆಗೆ ಹುಳವೂ ಬಂತು, ಸಿಂಪರಣೆಯೂ ಬಂತು. ಆಗ ಮನೆಮಾತಾದ ಎಂಡೋಸಲ್ಫಾನ್ ಮೀನಿಗೂ ಕಪ್ಪೆಮರಿಗೂ ಅತಿ ಸ್ವಲ್ಪದರಲ್ಲೇ ಮಾರಕ. ಅದನ್ನು ಸುಪ್ರೀಂ ಕೋರ್ಟ್ 2011ರಲ್ಲಿ ನಿಲ್ಲಿಸಿತು. ಅದೂ ಕಪ್ಪೆಯ ಸಲುವಾಗಿ ಅಲ್ಲ, ಕಾಸರಗೋಡು, ದಕ್ಷಿಣ ಕನ್ನಡದ ಮಕ್ಕಳ ಗತಿ ನೋಡಿದ ಮೇಲೆ. 2002ರಲ್ಲಿ ಬಿಟಿ ಹತ್ತಿ ಬಂದಾಗ ಕಾಯಿಕೊರಕಕ್ಕೆ ಹೊಡೆಯುವುದು ಕೆಲವು ವರ್ಷ ತಗ್ಗಿತು. ಆಮೇಲೆ ರಸ ಹೀರುವ ಕೀಟ ಏರಿದವು, ಗುಲಾಬಿ ಹುಳ ತಿರುಗಿ ಬಂತು. ಬೀಜದ ಪಾಕೀಟಿನ ದರ ಮಾತ್ರ ಹಿಂದಕ್ಕೆ ಜಯಧರದ ಕಾಲಕ್ಕೆ ಹೋಗಲಿಲ್ಲ.

2023ರಲ್ಲಿ ಜಗತ್ತಿನ ಕಪ್ಪೆ ಜಾತಿಯ ಪ್ರಾಣಿಗಳ ದೊಡ್ಡ ಎಣಿಕೆ ಪ್ರಕಟವಾಯಿತು. ನೂರಕ್ಕೆ ನಲವತ್ತೊಂದು ಜಾತಿಗಳು ಅಳಿವಿನ ಅಂಚಿಗೆ ಬಂದಿವೆ ಎಂದು ಅದು ಹೇಳುತ್ತದೆ. ನಮ್ಮ ಹಳದಿ ಕಪ್ಪೆ ಆ ನಲವತ್ತೊಂದರಲ್ಲಿ ಇಲ್ಲ. ಅಂದರೆ ಕೆಲಸ ಮಾಡಲು ಇನ್ನೂ ಹೊತ್ತಿದೆ.

ಮಾಡುವ ಕೆಲಸಕ್ಕೆ ಸಾಲ ಬೇಕಿಲ್ಲ. ಕಪ್ಪೆಮರಿಗೆ ತಿಂಗಳು, ಒಂದೂವರೆ ತಿಂಗಳು ನಿಂತ ನೀರು ಬೇಕು. ಕೆರೆಯ ಅಂಚಿನ ತಗ್ಗು, ಹಳ್ಳದ ಮಡು, ಹೊಲದ ಮೂಲೆಯ ಹೊಂಡ ಯಾವುದಾದರೂ ಆದೀತು. ಆ ನೀರಿನಲ್ಲಿ ಪಂಪು, ಡಬ್ಬಿ ತೊಳೆಯಬೇಡಿರಿ. ತೊಳೆದ ನೀರನ್ನು ನೀರಿನಿಂದ ದೂರ, ಒಣ ನೆಲದಲ್ಲಿ ಚೆಲ್ಲಿರಿ. ದನ ಕುಡಿಯುವುದೂ ಅದೇ ನೀರು ಎಂಬುದನ್ನು ನಾನು ಹೇಳಬೇಕಾಗಿಲ್ಲ. ಮಳೆ ಮೋಡ ಕಟ್ಟಿದ ಸಂಜೆ ಎಣ್ಣಿ ಹೊಡೆದರೆ ಅರ್ಧ ದುಡ್ಡು ಹಳ್ಳಕ್ಕೆ ಹರಿಯುತ್ತದೆ, ಹುಳವೂ ಸಾಯುವುದಿಲ್ಲ. ಬದುವಿನ ಹುಲ್ಲನ್ನು ಬುಡಸಮೇತ ಕಳೆನಾಶಕ ಹೊಡೆದು ಸುಡಬೇಡಿರಿ, ಹಗಲು ಹೊತ್ತು ಕಪ್ಪೆ ಅಡಗುವುದು ಅಲ್ಲಿಯೇ.

ಇನ್ನು ಕೃಷಿ ಹೊಂಡ. 2014ರಿಂದ ಕೃಷಿ ಭಾಗ್ಯದಲ್ಲಿ ಬಹಳ ಮಂದಿ ತೋಡಿಸಿದ್ದೀರಿ. ನೀರು ಇಂಗಬಾರದೆಂದು ಪ್ಲಾಸ್ಟಿಕ್ ಹಾಳಿ ಹಾಸಿದ ಹೊಂಡದ ಗೋಡೆ ಕನ್ನಡಿಯಂತೆ ನುಣುಪು. ಒಳಗೆ ಬಿದ್ದ ಕಪ್ಪೆ ಏರಿ ಬರಲಾರದೆ ಈಜಿ ಈಜಿ ಸಾಯುತ್ತದೆ. ಬಿದ್ದ ಕುರಿಮರಿಗೂ, ಮನುಷ್ಯನಿಗೂ ಅದೇ ಗತಿ. ಇದು ಸುಳ್ಳಲ್ಲ ಎಂದು ನಿಮಗೆ ಗೊತ್ತು. ಎರಡು ಮೂಲೆಗೆ ಹಳೆಯ ಗೋಣಿತಟ್ಟು ಹೊಲಿದು ಗೂಟಕ್ಕೆ ಬಿಗಿದು ನೀರಿನವರೆಗೆ ಇಳಿಬಿಟ್ಟರೆ ಕಪ್ಪೆ ಹತ್ತಿ ಬರುತ್ತದೆ. ಅದರ ಜೊತೆಗೇ ಗಂಟು ಹಾಕಿದ ದಪ್ಪ ಹಗ್ಗವೊಂದನ್ನು ಬಿಟ್ಟರೆ ಬಿದ್ದ ಹುಡುಗನ ಕೈಗೂ ಏನಾದರೂ ಸಿಗುತ್ತದೆ. ಬೇಲಿಯಂತೂ ಇರಲೇಬೇಕು.

ಬೇರೆ ಕಡೆಯಿಂದ ಕಪ್ಪೆ ಹಿಡಿದು ತಂದು ನಮ್ಮ ಹೊಲದಲ್ಲಿ ಬಿಡಬಹುದೇ ಎಂದು ಒಬ್ಬರು ಆಗಲೇ ಕೇಳಿದರು. ಬೇಡ. ಹಿಡಿಯುವುದು ಕಾಯ್ದೆಗೆ ವಿರುದ್ಧ, ತಂದು ಬಿಟ್ಟರೂ ಜಾಗ ಸೇರದಿದ್ದರೆ ನಿಲ್ಲುವುದಿಲ್ಲ, ಸಾಯುತ್ತವೆ. ನಿಮ್ಮ ಹೊಲದ ಕಪ್ಪೆ ಬಿರುಕಿನೊಳಗೆ, ಬದುವಿನ ಬುಡದಲ್ಲಿ ಈಗಾಗಲೇ ಇರಬಹುದು. ಹಿಂಗಾಲಿನ ಗಡಸು ಗೆಣ್ಣಿನಿಂದ ಹಿಂದೆ ಹಿಂದೆ ಮಣ್ಣು ತೋಡಿ ಇಳಿಯುವ ಸಣ್ಣ ಗುಂಡುಗಪ್ಪೆ ಕುಂಟಿ ಹೊಡೆಯುವಾಗ ಮೇಲೆ ಬಂದದ್ದನ್ನು ನೀವೇ ನೋಡಿರುತ್ತೀರಿ. ನೀರು ಸಿಕ್ಕರೆ ಅವು ತಾವೇ ಹೊರಗೆ ಬರುತ್ತವೆ. ಗೋಣಿತಟ್ಟು ಇಳಿಬಿಡುವ ಕೆಲಸವನ್ನು ಮಾತ್ರ ರೋಹಿಣಿಯೊಳಗೆ ಮುಗಿಸಿರಿ, ಮಿರಗ ಕೂಡಿತೆಂದರೆ ಬಿತ್ತನೆಯ ಗಡಿಬಿಡಿಯಲ್ಲಿ ನಿಮಗೆ ಕೈ ಬಿಡುವಿರುವುದಿಲ್ಲ.